ಒಳ್ಳೆ ಮನೆತನದ ಹುಡುಗನ ಗಲ್ಲು

ಒಬ್ಬ ಮನುಷ್ಯನ ಜೀವ ತೆಗೆಯುವ ಅಧಿಕಾರ ಇನ್ನೊಬ್ಬ ಮನುಷ್ಯನಿಗೆ ಉಂಟೇ ಎಂಬುದು ಲೋಕದ ದೊಡ್ಡ ದೊಡ್ಡ ತಲೆಗಳು ಬಗೆಹರಿಸಲಾಗದೆ ಬಿಟ್ಟ ಪ್ರಶ್ನೆ. ನಮ್ಮ ಅಕ್ಕನ ಮನೆಯಲ್ಲಿ ಆ ದಿನ ಬಗೆಹರಿಯದೆ ಉಳಿದಿದ್ದ ಪ್ರಶ್ನೆ ಬೇರೆ: ಬರುವ ಆಫೀಸರಮ್ಮನಿಗೆ ಹೋಳಿಗೆ ಮಾಡಬೇಕೋ, ಸಜ್ಜಕದಲ್ಲಿ ಮುಗಿಸಬೇಕೋ. ಸ್ವಲ್ಪ ಚರ್ಚೆಯ ನಂತರ ಹೋಳಿಗೆಯ ಪಕ್ಷಕ್ಕೆ ಜಯವಾಯಿತು.

ಆಫೀಸರಮ್ಮ ಬರುತ್ತಿದ್ದದ್ದು ಅಕ್ಕನ ಮಗನ ಬಗ್ಗೆ ವಿಚಾರಿಸಲು. ಅವನಿಗೆ ರಾಯಚೂರಿನ ನ್ಯಾಯಾಲಯ ಗಲ್ಲು ಶಿಕ್ಷೆ ಕೊಟ್ಟು ಕೆಲವು ವರ್ಷಗಳಾಗಿದ್ದವು. ಅದನ್ನು ಮೇಲಿನ ಕೋರ್ಟು ಒಪ್ಪುವ ಮೊದಲು, ಈ ಮನುಷ್ಯ ಎಂಥ ಮನೆಯಲ್ಲಿ ಹುಟ್ಟಿದ, ಹೇಗೆ ಬೆಳೆದ, ಹಸಿದಿದ್ದನೋ ಉಂಡಿದ್ದನೋ, ಪೆಟ್ಟು ತಿಂದಿದ್ದನೋ ಮುದ್ದು ಕಂಡಿದ್ದನೋ ಎಂದು ತಿಳಿದು ವರದಿ ಕೊಡಿ ಎಂದು ಕೇಳಿತ್ತು. ಈಗಿನ ಕಾಯಿದೆ ಹಾಗಿದೆ.

ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ದುಡಿದು ನಿವೃತ್ತನಾದವನು. ಸ್ವಲ್ಪ ಕಾಲ ಮಾನ್ವಿ, ಸ್ವಲ್ಪ ಕಾಲ ದೇವದುರ್ಗ, ಕೊನೆಗೆ ರಾಯಚೂರು. ಜಡ್ಜರ ಕೆಳಗಿನ ಮೇಜಿಗೆ ಕೂತು ಕಡತ ಮೇಲೆ ಕೊಡುವುದು, ಮೇಲಿನಿಂದ ಬಂದದ್ದನ್ನು ಇಳಿಸಿಕೊಳ್ಳುವುದು, ಇಷ್ಟೇ ನನ್ನ ವೃತ್ತಿಯ ಏರಿಳಿತ. ನ್ಯಾಯದೇವತೆಗೆ ನಾನು ಬಹಳ ಹತ್ತಿರ ಕೂತಿದ್ದೆ ಎಂದು ನೆಂಟರೆಲ್ಲರ ನಂಬಿಕೆ. ನಿಜವಾಗಿ ಹತ್ತಿರವಿದ್ದದ್ದು ಫ್ಯಾನು, ಅದೂ ಜಡ್ಜರ ಕಡೆಗೆ ಮುಖ ಮಾಡಿದ್ದು. ಆದರೂ ಮನೆತನದಲ್ಲಿ ಕಾನೂನು ಎಂಬ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗಲ್ಲು ಎಂಬ ಮಾತು ಬಂದಾಗಲೂ ನನ್ನ ಮುಖವನ್ನೇ ನೋಡಿದರು.

ಕೊಲೆಯ ಸಂಗತಿ ಹೇಳಲೇಬೇಕು. ಅದನ್ನು ಹೇಳಲು ನನಗೆ ಬರುವುದು ಕೋರ್ಟಿನ ಶೈಲಿಯೊಂದೇ.

ಅಳಿಯ, ಎಂದರೆ ಅಕ್ಕನ ಈ ಮಗ, ಶಕ್ತಿನಗರದಲ್ಲಿ ಕಲ್ಲಿದ್ದಲು ಇಳಿಸುವ ಗುತ್ತಿಗೆ ಕೆಲಸಕ್ಕಿದ್ದ. ಮದುವೆಯಾಗಿ ಕೆಲವು ವರ್ಷ ಊರಿನ ಮನೆಯಲ್ಲಿದ್ದು, ಆಮೇಲೆ ಅಲ್ಲೇ ಬಾಡಿಗೆ ಕೋಣೆಯಲ್ಲಿ ಗಂಡ ಹೆಂಡತಿ ಇದ್ದರು. ಹೆಂಡತಿಯನ್ನು ಹೊಡೆಯುತ್ತಿದ್ದ. ಆಕೆ ಕೊನೆಗೆ ತವರಿಗೆ, ದೇವದುರ್ಗದ ಹತ್ತಿರದ ಹಳ್ಳಿಗೆ, ಹೋಗಿ ಕೂತಳು. ಆಕೆಯ ಇಬ್ಬರು ಅಣ್ಣಂದಿರು ಶಕ್ತಿನಗರಕ್ಕೆ ಬಂದು, ಓಣಿಯ ಜನರೆದುರು ಅವನನ್ನು ಬಾಯಿಗೆ ಬಂದಂತೆ ಬೈದು, ತಂಗಿಯ ಪಾತ್ರೆ ಬಟ್ಟೆ ಗಾಡಿಗೆ ಹೇರಿಕೊಂಡು ಹೋದರು. ಕೆಲವು ದಿನ ಬಿಟ್ಟು, ಒಂದು ಮಧ್ಯಾಹ್ನ, ಇವನು ಬಸ್ಸು ಹತ್ತಿ ಆ ಹಳ್ಳಿಗೆ ಹೋದ. ಹೆಂಡತಿ ಸಂತೆಗೆ ಹೋಗಿದ್ದಳು. ಉಂಡು ಮಲಗಿದ್ದ ಅಣ್ಣಂದಿರನ್ನು ಆ ಮನೆಯದೇ ಕೊಡಲಿಯಿಂದ ಕಡಿದ. ಕೂಗಿಕೊಂಡು ಒಳಬಂದ ಅತ್ತೆಯನ್ನೂ ಕಡಿದ. ಮೂವರೂ ಅಲ್ಲೇ ಸತ್ತರು. ಅವನು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಹೋಗಿ ಕೂತ. ಪೊಲೀಸರು ಬರುವ ತನಕ ಕೂತೇ ಇದ್ದ.

ವಿಚಾರಣೆ ರಾಯಚೂರಿನಲ್ಲಿ ನಡೆಯಿತು, ನಾನು ಕೂತು ಎದ್ದ ಹಾಲಿನಲ್ಲೇ. ನನ್ನ ಮೇಜಿನಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ನಾನು ಜನ ಕೂರುವ ಬೆಂಚಿನ ಮೇಲೆ ಕೂತೆ. ಆ ಬೆಂಚು ಇಷ್ಟು ಗಟ್ಟಿ ಎಂದು ಸೇವಾವಧಿಯಲ್ಲಿ ನನಗೆ ತಿಳಿದಿರಲಿಲ್ಲ. ಸಾಕ್ಷಿಗಳು ಯಾರೂ ತಿರುಗಿ ಬೀಳಲಿಲ್ಲ. ಅಪರಾಧ ಸಾಬೀತಾಯಿತು. ಶಿಕ್ಷೆಯ ಬಗ್ಗೆ ಹೇಳುವುದಿದೆಯೇ ಎಂದು ಜಡ್ಜರು ಕೇಳಿದಾಗ ಅಳಿಯ ‘ಏನಿಲ್ರಿ’ ಎಂದ. ಅವನ ವಕೀಲರು, ತಾಯಿಯ ಮಾತು ಕೇಳಬೇಕು ಎಂದು ಬೇಡಿಕೊಂಡರು. ಅಕ್ಕ ಸೆರಗು ಹೊದ್ದು, ಕೈಮುಗಿದು, ಇಡೀ ಹಾಲಿಗೆ ಕೇಳುವಂತೆ ಹೇಳಿದಳು:

“ನನ್ನ ಮಗನ್ನ ರಾಜಕುಮಾರನ್ನ ಬೆಳಸಿದಂಗ ಬೆಳಸೀನ್ರಿ ಸಾಹೇಬ್ರ. ಉಣ್ಣಾಕ ಉಡಾಕ ಏನೂ ಕಮ್ಮಿ ಮಾಡಿಲ್ಲ. ನಮ್ಮನಿಯಾಗ ಯಾರೂ ಯಾರ ಮ್ಯಾಲೂ ಕೈ ಎತ್ತಿದವರಲ್ಲ. ಒಳ್ಳೆ ಮನಿತನದ ಹುಡುಗ್ರಿ ಅವ.”

ಇದು ಮಗನ ಪರವಾಗಿ ಕೊಟ್ಟ ಶಿಫಾರಸು ಎಂದೇ ಆಕೆಯ ತಿಳಿವಳಿಕೆ. ಜಡ್ಜರು ಆದೇಶದಲ್ಲಿ ಅದನ್ನು ಹಾಗೆಯೇ ಬಳಸಿಕೊಂಡರು: ಸಂಸ್ಕಾರವಂತ ಕುಟುಂಬದಲ್ಲಿ, ಯಾವ ಕೊರತೆಯೂ ಇಲ್ಲದೆ, ಪೆಟ್ಟಿನ ಅರಿವೂ ಇಲ್ಲದೆ ಬೆಳೆದವನು ಇಂಥ ಕೃತ್ಯ ಎಸಗಿದ್ದಾನೆಂದರೆ ಕನಿಕರಕ್ಕೆ ಕಾರಣವೇ ಉಳಿಯುವುದಿಲ್ಲ. ಆದ್ದರಿಂದ ಗಲ್ಲು.

ಗಲ್ಲು ಬರೆದ ಮೇಲೆ ಜಡ್ಜರು ಪೆನ್ನಿನ ಮುಳ್ಳು ಮುರಿಯುತ್ತಾರಂತೆ ಹೌದೇ ಎಂದು ಇವತ್ತಿಗೂ ಜನ ನನ್ನನ್ನು ಕೇಳುತ್ತಾರೆ. ಈಗ ಆದೇಶವೆಲ್ಲ ಕಂಪ್ಯೂಟರಿನಲ್ಲಿ ಟೈಪಾಗುತ್ತದೆ. ಪ್ರಿಂಟರನ್ನು ಯಾರೂ ಮುರಿಯುವುದಿಲ್ಲ. ಅದು ತಾನಾಗಿಯೇ ಮುರಿಯುತ್ತದೆ, ರಿಪೇರಿಗೆ ಜಿಲ್ಲೆಯಿಂದ ಮಂಜೂರಾತಿ ಬರಬೇಕು.

ಅವನನ್ನು ಬೆಳಗಾವಿಯ ಜೈಲಿಗೆ ಕಳಿಸಿದರು. ನಾನೂ ಅಕ್ಕನೂ ಭೇಟಿಗೆ ಹೋಗುತ್ತಿದ್ದೆವು. ಪ್ರತಿ ಸಲವೂ ಆಕೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಬರುವುದು, ಪ್ರತಿ ಸಲವೂ ಬಾಗಿಲ ಕಾವಲಿನವನು ಅದನ್ನು ಒಳಗೆ ಬಿಡದಿರುವುದು, ಪ್ರತಿ ಸಲವೂ ಆಕೆ ಅದನ್ನು ಅವನಿಗೇ ಕೊಟ್ಟು ಬರುವುದು. ಒಟ್ಟಿನಲ್ಲಿ ಆ ಕಾವಲಿನವನು ಬಹಳ ಆರೋಗ್ಯವಾಗಿದ್ದ.

ಅಳಿಯ ಜೈಲಿನಲ್ಲಿ ಒಳ್ಳೆಯವನಾದ. ಇದು ಬಹಳ ತೊಂದರೆಯ ಸಂಗತಿ. ಹೊರಗಿದ್ದಾಗ ಅವನ ಜೊತೆ ನನಗೆ ಎರಡು ಮಾತು ಆಡುವುದೂ ಕಷ್ಟವಿತ್ತು. ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದ, ನಡುವೆ ಎದ್ದು ಹೋಗುತ್ತಿದ್ದ. ಜಾಲರಿಯ ಆಚೆ ಕೂತವನು ಮಾತಾಡುತ್ತಿದ್ದ. ಎಮ್ಮೆ ಈಯಿತೇ, ಕಾಲುವೆಗೆ ನೀರು ಬಿಟ್ಟರೇ, ಊರ ಮೇಲೆ ಹೋಗುವ ಬಾಗಲವಾಡದ ಬಸ್ಸು ಈಗಲೂ ಅಷ್ಟೇ ತಡವೇ ಎಂದು ಕೇಳುತ್ತಿದ್ದ. ಕನ್ನಡ ಓದುವುದನ್ನು ಗಟ್ಟಿ ಮಾಡಿಕೊಂಡಿದ್ದ. ಬೇರೆ ಕೈದಿಗಳ ಅರ್ಜಿ ಓದಿ ಹೇಳುತ್ತಿದ್ದ.

“ಮಾವಾ, ನೀವು ಕೋರ್ಟಿನ್ಯಾಗ ಏನ್ ಬರೀತಿದ್ರಿ ಅಂತ ಈಗ ತಿಳೀತು. ಒಂದು ಸಾಲಿನ ಮಾತಿಗೆ ಒಂದು ಹಾಳಿ.”

“ಹಾಳಿ ಸರಕಾರದ್ದಲೇ.”

ಅವನು ನಕ್ಕ. ನಾನೂ ನಕ್ಕೆ. ನಗು ಇನ್ನೂ ಬಾಯಲ್ಲಿರುವಾಗಲೇ ದೇವದುರ್ಗದ ಹಳ್ಳಿಯ ಆ ಮನೆ ಕಣ್ಣ ಮುಂದೆ ಬಂತು. ಅಲ್ಲಿ ಮಲಗಿದ್ದವರು ಯಾರಾದರೂ ಇಷ್ಟು ಹೊತ್ತಿಗೆ ಯಾವುದೋ ಮಾತಿಗೆ ನಗುತ್ತಿರಬೇಕಾಗಿತ್ತು. ವಾಪಸು ಬರುವ ಬಸ್ಸಿನಲ್ಲಿ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು, ಎಚ್ಚರವಾದಾಗ ಅದಕ್ಕೂ ನಾಚಿಕೆಯಾಗುತ್ತಿತ್ತು.

ಈ ಮಧ್ಯೆ ಆಫೀಸರಮ್ಮ ಬರುವ ಸುದ್ದಿ ಬಂತು. ಪರಿವೀಕ್ಷಣಾಧಿಕಾರಿ, ಎಂದರೆ ಪ್ರೊಬೇಷನ್ ಆಫೀಸರ್, ಎಂದು ಆಕೆಯ ಹುದ್ದೆಯ ಹೆಸರು. ಮೇಲಿನ ಕೋರ್ಟಿನಲ್ಲಿ ಅಳಿಯನ ಪರ ನಿಂತಿದ್ದ ವಕೀಲರು ನನಗೆ ಫೋನಿನಲ್ಲಿ, “ಕೆಳಗಿನ ಕೋರ್ಟಿನ್ಯಾಗ ತಾಯಿ ಆಡಿದ ಮಾತೇ ಕುತ್ತಿಗಿಗೆ ಬಂದದ. ಅವ ಕಷ್ಟದಾಗ ಬೆಳದಿದ್ರ ಅದು ಈ ವರದಿಯಾಗ ಬರಬೇಕ್ರಿ. ಇಲ್ಲಾಂದ್ರ ನಮ್ಮ ಕೈಯಾಗ ಏನೂ ಇಲ್ಲ” ಎಂದರು. ನಾನು ಅಕ್ಕನಿಗೆ ಫೋನು ಮಾಡಿ, ಒಬ್ಬ ಆಫೀಸರು ಬಂದು ಹುಡುಗ ಹೇಗೆ ಬೆಳೆದ ಎಂದು ಕೇಳುತ್ತಾರೆ, ಇದ್ದದ್ದು ಇದ್ದಂತೆ ಹೇಳಬೇಕು, ಊರಿನವರನ್ನೂ ಕೇಳುತ್ತಾರೆ ಎಂದೆ.

ನಮ್ಮ ಕಡೆ ಹೊರಗಿನವರು ಊರಿಗೆ ಬಂದು ಒಂದು ಮನೆ ತೋರಿಸಿ ‘ಹೆಂಗದಾರ್ರಿ ಇವರು?’ ಎಂದು ಕೇಳಿದರೆ ಅದು ಸಂಬಂಧ ಬೆಳೆಸುವವರು ಕೇಳುವ ಕೇಳಿಕೆ. ಅದಕ್ಕೆ ಊರು ಕೊಡುವ ಉತ್ತರ ಒಂದೇ. ಬದುವಿಗೆ ಜಗಳಾಡಿ ಮಾತು ಬಿಟ್ಟವನೂ ಆ ಮನೆಯನ್ನು ಹೊಗಳುತ್ತಾನೆ, ಯಾಕೆಂದರೆ ನಾಳೆ ಅವನ ಮನೆಗೂ ಕೇಳುವವರು ಬರುತ್ತಾರೆ. ಹುಡುಗ ಕುಡಿಯುತ್ತಾನೋ ಬಡಿಯುತ್ತಾನೋ ಎಂಬುದು ಮದುವೆಯಾದ ಮೇಲೆ ತಿಳಿಯತಕ್ಕ ವಿಷಯ. ಅಕ್ಕನಿಗೆ ‘ಹುಡುಗ ಹೆಂಗ ಬೆಳೆದ’ ಎಂಬ ಪ್ರಶ್ನೆ ಗೊತ್ತಿದ್ದದ್ದು ಇದೊಂದೇ ರೂಪದಲ್ಲಿ. ನಾನು ಹಿಂದಿನ ದಿನ ಬಸ್ಸಿಳಿದು ಊರು ಹೊಕ್ಕಾಗ ಮನೆಗೆ ಸುಣ್ಣ ಬಳಿದಾಗಿತ್ತು, ನೆರೆಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬಂದಿದ್ದವು, ಓಣಿಯ ಹಿರಿಯರಿಗೆಲ್ಲ ಬಾಯಿಪಾಠ ಆಗಿತ್ತು.

“ಅಕ್ಕಾ, ಇದೇನು ಮಾಡಾಕತ್ತಿ? ಅವರು ಬರೋದು ಗಲ್ಲಿನ ವಿಷಯಕ್ಕ.”

“ಗೊತ್ತದ ಬಿಡಲೇ ತಮ್ಮಾ. ಅದಕ್ಕ ಮಾಡಾಕತ್ತೀನಿ. ಮನಿ ನೋಡಿದ್ರ ಅವರಿಗೇ ತಿಳೀತದ, ಇದು ಗಲ್ಲಿಗಿ ಹಾಕೋ ಅಂಥ ಮಂದಿ ಅಲ್ಲ ಅಂತ.”

ಆಫೀಸರಮ್ಮ ಚಿಕ್ಕ ವಯಸ್ಸಿನವಳು. ಕೂಲಿ ಮಾಡಿ ಓದಿಸಿದ ಮನೆಯಿಂದ ಬಂದವಳೆಂದು ಆಮೇಲೆ ತಿಳಿಯಿತು. ಮಾತು ನಮ್ಮ ಕಡೆಯದೇ. ಹೋಳಿಗೆ ತಿಂದಳು, ಇನ್ನೊಂದು ಬೇಡ ಎಂದಳು, ಅದನ್ನೂ ತಿನ್ನಬೇಕಾಯಿತು. ಆಮೇಲೆ ಮೆಲ್ಲಗೆ ಕೇಳತೊಡಗಿದಳು.

“ಯವ್ವಾ, ಆತ ಸಣ್ಣಾವ ಇದ್ದಾಗ ಮನಿಯಾಗ ತ್ರಾಸ ಇತ್ತೇನು?”

“ಎಲ್ಲಿ ತ್ರಾಸ್ರಿ ಮೇಡಮ್ಮೋರ! ಹಾಲು ಮಸರು ಚೆಲ್ಲತಿತ್ತು.”

ಚೆಲ್ಲುವಷ್ಟು ಹಾಲು ಕೊಡುವ ಎಮ್ಮೆ ಆ ಮನೆಗೆ ಬಂದದ್ದು ಹುಡುಗ ಮದುವೆಯಾಗಿ ಶಕ್ತಿನಗರಕ್ಕೆ ಹೋದ ಮೇಲೆ.

“ಅವರಪ್ಪ?”

“ದೇವರಂಥಾ ಮನಷ್ಯಾರಿ. ಮೊಹರಂನ್ಯಾಗ ಪೀರಲ ದೇವರು ಹಿಡೀತಿದ್ರು. ಊರ ಮಂದೆಲ್ಲಾ ಕಾಲಿಗಿ ಬೀಳತಿದ್ರು.”

ಇದಂತೂ ನಿಜ. ಭಾವ ಮೊಹರಂ ಹಬ್ಬದಲ್ಲಿ ಪೀರಲ ದೇವರ ಪಂಜಾ ಎತ್ತಿ ಹಿಡಿದು ಬೆಂಕಿಯ ಕುಣಿ ದಾಟುವಾಗ ನಾನೂ ಕೈ ಮುಗಿದಿದ್ದೇನೆ. ಆತ ತೀರಿಕೊಂಡಾಗ ಇಡೀ ಊರು ಒಲೆ ಹಚ್ಚಿರಲಿಲ್ಲ.

ಆಫೀಸರಮ್ಮ ಹಾಳೆ ತಿರುವಿ, “ಜೈಲಿನ ಡಾಕ್ಟರು ಆತನ ಬೆನ್ನಿನ ಮ್ಯಾಲ ಭಾಳ ಹಳೇ ಗಾಯದ ಕಲಿ ಅದಾವ ಅಂತ ಬರದಾರ. ಅವು ಹೆಂಗ ಆದವು?” ಎಂದಳು.

“ಬೇವಿನ ಗಿಡದ ಮ್ಯಾಲಿಂದ ಬಿದ್ದಿದ್ದರಿ,” ಎಂದಳು ಅಕ್ಕ.

ಎದುರು ಮನೆಯ ಹಿರಿಯ ಅದೇ ಕ್ಷಣಕ್ಕೆ, “ಬಂಡಿ ಮ್ಯಾಲಿಂದ್ರಿ,” ಎಂದ.

“ಹುಣಸಿ ಗಿಡ ಇರಬೇಕು ನೋಡು,” ಎಂದು ಇನ್ನೊಬ್ಬ ಇಬ್ಬರಿಗೂ ರಾಜಿ ಮಾಡಿಸಲು ನೋಡಿದ.

“ಬೇಲಿ ಮುಳ್ಳೂ ತರಚಿತ್ತು ಒಮ್ಮಿ,” ಎಂದು ಬಾಗಿಲಲ್ಲಿ ನಿಂತಿದ್ದ ಮುದುಕಿ ತನ್ನ ಪಾಲು ಸೇರಿಸಿದಳು.

ಒಬ್ಬನೇ ಹುಡುಗ ಇಷ್ಟೆಲ್ಲ ಕಡೆಯಿಂದ ಬಿದ್ದಿದ್ದರೆ ಬಾಲ್ಯದಲ್ಲಿ ನೆಲದ ಮೇಲೆ ನಿಂತದ್ದೇ ಅಪರೂಪವಿರಬೇಕು. ಆಫೀಸರಮ್ಮ ಯಾರನ್ನೂ ಗದರಲಿಲ್ಲ, ಎಲ್ಲವನ್ನೂ ಬರೆದುಕೊಂಡಳು. ಊರವರು ಒಬ್ಬೊಬ್ಬರಾಗಿ ಬಂದು, ಅಂಥ ಮನೆ ಸುತ್ತ ಹತ್ತೂರಲ್ಲಿ ಇಲ್ಲ ಎಂದು ಪ್ರಾಮಾಣಿಕವಾಗಿ ಸುಳ್ಳು ಹೇಳಿ ಹೋದರು. ಒಂದೊಂದು ಹೊಗಳಿಕೆಯೂ ಆ ಹುಡುಗನ ಕುತ್ತಿಗೆಯ ಹಗ್ಗವನ್ನು ಒಂದೊಂದು ಎಳೆ ದಪ್ಪ ಮಾಡುತ್ತಿದೆ ಎಂದು ಅಲ್ಲಿ ಬಲ್ಲವರು ಇಬ್ಬರೇ, ಆಕೆ ಮತ್ತು ನಾನು. ನಾನು ಬಾಯಿ ತೆಗೆಯಲು ನೋಡಿದೆ. ಅಕ್ಕ ನನ್ನ ತಟ್ಟೆಗೆ ಹೋಳಿಗೆ ಹಾಕಿದಳು.

ಬಸ್ ನಿಲ್ದಾಣದ ತನಕ ಆಫೀಸರಮ್ಮನ ಜೊತೆ ನಾನೇ ಹೋದೆ.

“ಕಾಕಾ, ನಿಮಗ ಗೊತ್ತದೇನು ಆ ಕಲಿ ಹೆಂಗ ಆದವು ಅಂತ?”

“ನಾ ಹಬ್ಬಕ್ಕ ಬರೋ ನೆಂಟ ಇದ್ದೆ ಯವ್ವಾ. ನೆಂಟರಿಗಿ ತೋರಿಸಿದ್ದನ್ನ ನೋಡೀನಿ. ಸಂಶಯ ಅದ, ಗೊತ್ತಿಲ್ಲ.”

“ನಿಮ್ಮ ಸಂಶಯ ಬರಕೊಂಡು ಏನ್ ಮಾಡ್ಲಿ? ಜೈಲಿನ್ಯಾಗ ಆತನ್ನೂ ಕೇಳೀನಿ. ನಮ್ಮಪ್ಪ ಚಲೋ ಇದ್ದ, ನಮ್ಮವ್ವ ಹೇಳಿದ್ದ ಖರೇ ಅಂದ. ಮನಿಯೊಳಗಿದ್ದವರು ಹೇಳಬೇಕು. ಇಲ್ಲಾಂದ್ರ ನಾ ಇವತ್ತು ಕೇಳಿದ್ದನ್ನ ಬರದು ಕಳಸಾಕಿ. ತಾರೀಖು ಹತ್ರ ಬಂದದ.”

ಮನೆಯೊಳಗಿದ್ದವರಲ್ಲಿ ಭಾವ ಸತ್ತಿದ್ದ, ಅಳಿಯ ಬಾಯಿ ಬಿಡುತ್ತಿರಲಿಲ್ಲ, ಅಕ್ಕ ಹೋಳಿಗೆ ಮಾಡಿದ್ದಳು. ಉಳಿದವಳು ಒಬ್ಬಳೇ. ಆ ಬೆನ್ನನ್ನು ಹತ್ತಿರದಿಂದ ನೋಡಿದವಳು, ಆ ಮನೆಯಲ್ಲಿ ಕೆಲವು ವರ್ಷ ಸೊಸೆಯಾಗಿ ಇದ್ದವಳು. ಅವಳ ತಾಯಿಯನ್ನೂ ಅಣ್ಣಂದಿರನ್ನೂ ಕಡಿದವನ ಜೀವ ಉಳಿಸಲು ಒಂದು ಮಾತು ಹೇಳು ಎಂದು ಅವಳ ಬಾಗಿಲಿಗೆ ಹೋಗಬೇಕಿತ್ತು. ಇಂಥ ಕೆಲಸಕ್ಕೆ ಕೋರ್ಟಿನಲ್ಲಿ ಮನೆಮನೆಗೆ ಸಮನ್ಸ್ ಮುಟ್ಟಿಸುವ ಅಮೀನ ಇರುತ್ತಾನೆ. ಸಂಬಂಧಿಕರಲ್ಲಿ ಆ ಹುದ್ದೆ ನನಗೇ ಬಂತು.

ಆಕೆ ಈಗ ದೇವದುರ್ಗ ಪೇಟೆಯಲ್ಲಿ ಬಾಡಿಗೆಗೆ ಇದ್ದಳು, ಹಿರಿಯ ಅಣ್ಣನ ವಿಧವೆ ಹೆಂಡತಿಯೊಂದಿಗೆ. ಮುಂಗೋಣೆಯಲ್ಲಿ ಹೊಲಿಗೆ ಯಂತ್ರ. ನನ್ನನ್ನು ಕಂಡು ಯಂತ್ರ ನಿಲ್ಲಿಸಿದಳು. ಎದ್ದು ನೀರು ತಂದು ಕೊಟ್ಟಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಒಳಗೆ ಅತ್ತಿಗೆ ಖಾರ ಕುಟ್ಟುತ್ತಿದ್ದಳು. ನಾನು ಯಾರೆಂದು ತಿಳಿದ ಮೇಲೆ ಒನಕೆಯ ಪೆಟ್ಟು ಜೋರಾಯಿತು. ಘಾಟಿಗೆ ನನಗೆ ಕೆಮ್ಮು ಬಂತು.

“ಮಾವಾ, ಆರಾಮಿದೀರಿ?”

“ಹೂಂ ಯವ್ವಾ.” ಇದು ಆಡಬಾರದ ಮಾತಾಗಿತ್ತು.

ಬಂದ ಕಾರಣ ಹೇಳಿದೆ. ಹೇಳುವಾಗ ನನ್ನ ಧ್ವನಿ, ನಾನು ಮೂವತ್ತು ವರ್ಷ ಕೇಸು ಕೂಗಿದ ಧ್ವನಿಯಾಗಿ ಬಿಟ್ಟಿತು. ಆಕೆ ಬಟ್ಟೆಯ ಅಂಚನ್ನು ಉಗುರಿನಿಂದ ಮಡಿಸುತ್ತ ಕೇಳಿದಳು.

“ಆ ಬೆನ್ನು ನಾ ನೋಡೀನಿ. ಎಣ್ಣಿ ಹಚ್ಚೀನಿ. ಒಂದು ಸಲ ಕುಡದಾಗ ತಾನಾಗಿ ಹೇಳಿದ. ಅವರಪ್ಪ ದನದ ಮನಿಯಾಗ ಗೂಟಕ್ಕ ಕಟ್ಟಿ ಬಾರಕೋಲಿಂದ ಹೊಡೀತಿದ್ನಂತ. ನಿಮ್ಮಕ್ಕಗೂ ಗೊತ್ತದ. ಎಲ್ಲಾರಿಗೂ ಗೊತ್ತದ.”

“ಅದನ್ನ ಆಫೀಸರಮ್ಮಗ…”

“ನಾ ಹೇಳಂಗಿಲ್ಲ ಮಾವಾ.” ಧ್ವನಿ ಏರಲಿಲ್ಲ. “ಹೇಳಿದ್ರ ಒಳಗ ಕುಟ್ಟಾಕತ್ತಾಳಲ್ಲ, ಆಕಿ ಮಾರಿ ಹೆಂಗ ನೋಡ್ಲಿ? ಕೇಳಿದ್ರ ಸುಳ್ಳು ಹೇಳಂಗಿಲ್ಲ, ಆದ್ರ ನಾನಾಗಿ ಹೋಗಿ ಹೇಳಂಗಿಲ್ಲ. ನಿಮ್ಮಕ್ಕ ಹೇಳ್ಲಿ.”

ನಾನು ಏಳಲು ನೋಡಿದೆ. ಆಕೆಯ ಮಾತು ಮುಗಿದಿರಲಿಲ್ಲ.

“ನಮ್ಮಪ್ಪ ಇದ್ದಾಗ ಸಂಬಂಧ ಕೇಳಾಕ ನಿಮ್ಮಕ್ಕನ ಊರಿಗಿ ಹೋಗಿದ್ದ. ಮಂದೆಲ್ಲಾ ಚಲೋ ಮನಿ ಅಂದ್ರು. ಲಗ್ನ ಆದಮ್ಯಾಲ ಅವ ಹೊಡದಾಗೆಲ್ಲಾ ಅತ್ತಿ ಹತ್ರ ಹೋಗಿ ಅತ್ತೀನಿ. ಆಕಿ ಏನಂತಿದ್ಲು ಗೊತ್ತೇನು? ನಮ್ಮನಿಯಾಗ ಯಾರೂ ಕೈ ಎತ್ತಿದವರಲ್ಲ, ನೀ ಸುಳ್ಳು ಹೇಳಾಕತ್ತಿ. ನನ್ನ ಮೈ ಮ್ಯಾಲ ಬಾಸುಂಡಿ ನೋಡಕೋತ ಅಂತಿದ್ಲು. ಅಲ್ಲಿ ಕೇಳವರಿಲ್ಲ ಅಂತ ಅಣ್ಣಗೋಳಿಗಿ ಹೇಳಿದೆ. ಅವರು ಬಂದ್ರು.”

ಒಳಗೆ ಒನಕೆ ನಿಂತಿತ್ತು. ನಾನು ನೀರಿನ ತಂಬಿಗೆ ಕೆಳಗಿಟ್ಟು ಹೊರಗೆ ಬಂದೆ.

ದೇವದುರ್ಗದಿಂದ ಮಾನ್ವಿ ಕಡೆಗೆ ಬಸ್ಸು ಹಿಡಿದು ಅಕ್ಕನ ಊರಿಗೆ ಬಂದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿ ಬಂದದ್ದನ್ನು ಸೊಸೆಯ ಮಾತಿನಲ್ಲೇ, ಒಂದನ್ನೂ ಬಿಡದೆ ಹೇಳಿದೆ. ಸೇವೆಯಲ್ಲಿದ್ದಾಗ ಸಾಕ್ಷಿಯ ಹೇಳಿಕೆ ಓದಿ ಹೇಳುತ್ತಿದ್ದ ಹಾಗೆ. ಅದು ಕ್ರೂರವೆಂದು ಹೇಳುತ್ತಿರುವಾಗಲೇ ಗೊತ್ತಿತ್ತು.

“ಮನಿ ಮುರದಾಕಿ ಆಕಿ!” ಎಂದಳು ಅಕ್ಕ. “ಆಕಿ ಮಾತ ತಗೊಂಡು ಬಂದೀಯೇನು ನನ್ನ ಮುಂದ? ನಾಚಿಕಿ ಆಗಂಗಿಲ್ಲ ನಿನಗ?”

“ಆಗ್ತದ. ಖರೇನೋ ಸುಳ್ಳೋ ಅಷ್ಟ ಹೇಳು.”

“ಸತ್ತ ಮನಷ್ಯಾನ ಮ್ಯಾಲ ಹೇಳು ಅಂತೀಯಲ್ಲ. ದೇವರು ಹಿಡದ ಕೈ ಅದು. ನಾಳಿ ಮೊಹರಂನ್ಯಾಗ ಮಂದಿ ನನ್ನ ಮಾರಿ ನೋಡಿ ಏನಂತಾರ?”

“ಏನಂತಾರ ನನಗ ಗೊತ್ತಿಲ್ಲ. ಆದ್ರ ಆ ಆಫೀಸರಮ್ಮ ನೀ ಹೇಳಿದ್ದನ್ನ ಹಂಗ ಬರದು ಕಳಿಸಿದ್ರ ಮ್ಯಾಲಿನ ಕೋರ್ಟು ಏನಂತದ ಅನ್ನೋದು ಗೊತ್ತದ. ಮೊದಲ ಜಡ್ಜ್ ಸಾಹೇಬ್ರು ಬರದದ್ದು ನಿನ್ನ ಮಾತ, ಅಕ್ಕಾ. ಗಲ್ಲಿಗಿ ಕಾರಣ ಏನು ಅಂತ ಕೊಟ್ಟಲ್ಲಿ ನಿನ್ನ ಮಾತ ಅದ.”

ಇದನ್ನು ನಾನು ಅಲ್ಲಿಯ ತನಕ ಆಕೆಗೆ ಹೇಳಿರಲಿಲ್ಲ. ಆದೇಶ ಓದಿ ಹೇಳು ಎಂದಾಗ ಆ ಸಾಲು ಹಾರಿಸಿ ಓದಿದ್ದೆ. ಕರುಣೆಯಿಂದ ಹಾರಿಸಿದ್ದೆ ಎಂದುಕೊಂಡಿದ್ದೆ. ಈಗ ಬೇಕಾದಾಗ ತೆಗೆದು ಹೊಡೆಯಲು ಅದು ಕೈಗೆ ಸಿಕ್ಕಿತು.

ಅಕ್ಕ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. ರೊಟ್ಟಿ ಬಡಿಯುತ್ತ ಹೋದಳು. ಮನೆಯಲ್ಲಿದ್ದವರು ನಾವಿಬ್ಬರು, ಬುಟ್ಟಿಯ ತುಂಬ ರೊಟ್ಟಿಯಾದವು. ಹಿಟ್ಟು ಮುಗಿದ ಮೇಲೆ ಕೈ ತೊಳೆದು, ಬಾಗಿಲ ಕಡೆ ನೋಡುತ್ತ ಕೇಳಿದಳು: “ರಾಯಚೂರಿಗಿ ಮುಂಜಾನಿ ಬಸ್ಸು ಎಷ್ಟಕ್ಕದ?”

ಆಫೀಸರಮ್ಮನ ಕಚೇರಿ ರಾಯಚೂರಿನಲ್ಲಿ, ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿತ್ತು. ಅಕ್ಕ ಕುರ್ಚಿಯ ಮೇಲೆ ಕೂರಲು ಒಪ್ಪದೆ ನಿಂತೇ ಇದ್ದಳು. ಆಫೀಸರಮ್ಮ ಎದ್ದು ಬಂದು ಕೈ ಹಿಡಿದು ಕೂರಿಸಿದಳು.

“ಬರಕೋರಿ ಮೇಡಮ್ಮೋರ. ಅವತ್ತು ನಾ ಹೇಳಿದ್ದೆಲ್ಲಾ ಹೊಡದಾಕ್ರಿ. ಹಾಲು ಮಸರು ಇರಲಿಲ್ಲ. ಅಂಬಲಿ ಇತ್ತು, ಅದೂ ದಿನಾ ಇರಲಿಲ್ಲ. ನನ್ನ ಗಂಡ ಹುಡುಗನ್ನ ದನದ ಗೂಟಕ್ಕ ಕಟ್ಟತಿದ್ದ. ಎತ್ತಿನ ಬಾರಕೋಲಿಂದ ಹೊಡೀತಿದ್ದ. ಯಾಕ ಅಂದ್ರ ಯಾಕೂ ಇಲ್ಲ. ಹುಡುಗ ಶಾಲಿಗಿ ಹೋದ್ರೂ ಹೊಡೀತಿದ್ದ, ಬಿಟ್ರೂ ಹೊಡೀತಿದ್ದ.”

“ನೀವು ತಡೀಲಿಲ್ಲೇನು ಯವ್ವಾ?” ಇದು ಕೇಳಲೇಬೇಕಾದ ಪ್ರಶ್ನೆ. ಆಕೆ ಅದನ್ನು ಕಣ್ಣು ಎತ್ತದೆ ಕೇಳಿದಳು.

“ತಡದೆ. ನನಗೂ ಬಿತ್ತು. ಆಮ್ಯಾಲ ತಡೀಲಿಲ್ಲ. ಹುಡುಗ ಚೀರತಿದ್ನಲ್ರಿ, ಓಣಿಗಿ ಕೇಳತಿತ್ತು. ಮಂದಿ ಏನಂತಾರ ಅಂತ ದನದ ಮನಿ ಬಾಗಲಾ ನಾನ ಹಾಕತಿದ್ದೆ. ಅವ ಒಳಗಿಂದ ನನ್ನ ಕರೀತಿದ್ದ. ನಾ ಹೊರಗ ನಿಂತು ಅಗಳಿ ಹಿಡಕೊಂಡಿರತಿದ್ದೆ.”

ಫ್ಯಾನು ಗಡಗಡ ಎನ್ನುತ್ತಿತ್ತು. ಆಫೀಸರಮ್ಮ ಬರೆಯುತ್ತಿದ್ದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸರಕಾರಿ ರಜೆಗಳನ್ನು ಬಹಳ ಶ್ರದ್ಧೆಯಿಂದ ಓದಿದೆ.

“ಇನ್ನೂ ಅದ,” ಎಂದಳು ಅಕ್ಕ. “ಸೊಸಿ ಬಂದು ಅವ ಹೊಡೀತಾನ ಅಂತ ಅತ್ತಾಗೂ ನಾ ಬಾಗಲಾ ಹಾಕಿದೆ. ಮಂದಿಗಿ ಕೇಳ್ತದ, ಸುಮ್ಮನಿರು ಅಂದೆ. ನೀ ಸುಳ್ಳು ಹೇಳ್ತಿ ಅಂದೆ. ಅದನ್ನೂ ಬರೀರಿ.”

ಆಫೀಸರಮ್ಮ ಪೆನ್ನು ನಿಲ್ಲಿಸಿದಳು. “ಯವ್ವಾ, ಅದು ಬ್ಯಾಡ. ಆತ ಹೆಂಡ್ತೀನ ಹೊಡೀತಿದ್ದ ಅಂತ ನೀವ ಹೇಳಿದಂಗ ಆಗ್ತದ. ಸರಕಾರಿ ವಕೀಲರು ಅದನ್ನ ಹಿಡದು ಎಳದ್ರ ಆತಗ ತೊಂದ್ರಿ.”

ಅಕ್ಕ ನನ್ನ ಕಡೆ ತಿರುಗಿದಳು. ಮನೆತನದ ಕಾನೂನು ಪಂಡಿತನ ಮುಖ ನೋಡುವುದು ಆಕೆಗೆ ಅಭ್ಯಾಸ. ನಾನು, ಆಫೀಸರಮ್ಮ ಹೇಳಿದ್ದು ಸರಿ, ಅದನ್ನು ಬಿಟ್ಟರೆ ಹುಡುಗನಿಗೆ ಒಳ್ಳೆಯದು ಎಂದು ಹೇಳಬೇಕಿತ್ತು. ಕಾನೂನು ಅದನ್ನೇ ಹೇಳುತ್ತದೆ. ಆದರೆ ದೇವದುರ್ಗದ ಮುಂಗೋಣೆಯಲ್ಲಿ ನಾನು ನೀರು ಕುಡಿದು ಬಂದಿದ್ದೆ. ನಾನು ಮತ್ತೆ ಕ್ಯಾಲೆಂಡರಿನ ರಜೆಗಳ ಕಡೆ ತಿರುಗಿದೆ.

“ಬರೀರಿ,” ಎಂದಳು ಅಕ್ಕ. “ಆಕಿ ಸುಳ್ಳು ಹೇಳಾಕಿ ಅಲ್ಲ.”

ಬರೆದಾದ ಮೇಲೆ ಓದಿ ಹೇಳಿದರು. ಹೆಬ್ಬೆಟ್ಟು ಬೇಡ, ಸಹಿ ಬರುತ್ತದೆ ಎಂದು ಅಕ್ಕ ಪೆನ್ನು ಇಸಿದುಕೊಂಡು ಹೆಸರು ಬರೆದಳು. ಏಳುವಾಗ ಕೇಳಿದಳು: “ಇದನ್ನ ಅವ ಓದತಾನೇನ್ರಿ?”

“ವಕೀಲರು ಒಂದು ಪ್ರತಿ ಕೊಡ್ತಾರ. ಓದತಾನ.”

“ಹೂಂ,” ಎಂದಳು.

ಮೇಲಿನ ಕೋರ್ಟಿನ ವಿಚಾರಣೆಗೆ ನಾನೊಬ್ಬನೇ ಹೋದೆ. ವರದಿಯನ್ನು ವಕೀಲರು ಗಟ್ಟಿಯಾಗಿ ಓದಿದರು, ಬಾಗಿಲು ಹಾಕಿದ ಮಾತನ್ನೂ. ಸರಕಾರಿ ವಕೀಲರು ಹೆಂಡತಿಯನ್ನು ಹೊಡೆದ ಮಾತನ್ನು ಹಿಡಿದು, ಆಫೀಸರಮ್ಮ ಹೆದರಿದ ಹಾಗೆಯೇ, ಬಹಳ ಹೊತ್ತು ಎಳೆದರು. ಪತ್ರಿಕೆಯಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಊರಿನ ಹೋಟೆಲಿನಲ್ಲಿ ಅದನ್ನು ಯಾರೋ ಜೋರಾಗಿ ಓದಿದರು. ಮೂರು ಕೊಲೆಯ ಸುದ್ದಿ ಬಂದಾಗ ಅಕ್ಕನ ಮನೆಗೆ ಬಂದು ಕೂತು ಸಮಾಧಾನ ಹೇಳಿದ ಓಣಿಯವರು ಈಗ ಬರುವುದು ಬಿಟ್ಟರು. ಊರ ಮರ್ಯಾದೆ ತೆಗೆದಳು ಎಂದು ಅವರ ದೂರು. ಪ್ಲಾಸ್ಟಿಕ್ ಕುರ್ಚಿಯ ನೆರೆಯವರು ಮಾತ್ರ ಒಮ್ಮೆ ನನ್ನನ್ನು ತಡೆದು, “ನಾವು ಚಲೋನ ಹೇಳಿದ್ವಲ್ರಿ, ನಾವೇನು ತಪ್ಪು ಮಾಡಿದ್ವಿ?” ಎಂದು ನಿಜವಾಗಿ ನೊಂದು ಕೇಳಿದರು. ಏನೂ ಇಲ್ಲ ಎಂದೆ.

ದೇವದುರ್ಗಕ್ಕೆ ನಾನು ಮತ್ತೆ ಹೋಗಲಿಲ್ಲ. ತೀರ್ಪು ಬಂದ ದಿನ ಫೋನು ಮಾಡಬೇಕೆಂದು ಕೈಗೆತ್ತಿಕೊಂಡೆ. ಏನೆಂದು ಹೇಳುವುದು, ಒಳ್ಳೆಯ ಸುದ್ದಿ ಎಂದೋ ಕೆಟ್ಟ ಸುದ್ದಿ ಎಂದೋ ತಿಳಿಯದೆ ಇಟ್ಟೆ. ನನಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಆ ಮುಂಗೋಣೆಗೆ ಒಯ್ಯುವ ಧೈರ್ಯ ಇರಲಿಲ್ಲ.

ಮೇಲಿನ ಕೋರ್ಟು ಗಲ್ಲನ್ನು ರದ್ದು ಮಾಡಿ, ಬದುಕಿರುವ ತನಕ ಬಿಡುಗಡೆ ಇಲ್ಲದ ಸೆರೆವಾಸ ವಿಧಿಸಿತು. ಅಕ್ಕ ಭೇಟಿಗೆ ಹೋದಳು. ವರದಿ ಓದಿದ್ದ ಅವನು ಜಾಲರಿಯ ತನಕ ಬರಲಿಲ್ಲ.